ಹಳಿಗೆ ಹಚ್ಚಿದ ಅರಿಷಿಣ

ಮನಸ್ಸಿನಲ್ಲಿ ಹಿಡಿಸಲಾರದಷ್ಟು ಸಂತೋಷ ಆಗಿದೆ, ಅದಕ್ಕೇ ಬರೆಯಲು ಕುಳಿತಿದ್ದೇನೆ. ನಾನು ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ನನ್ನ ಅಕ್ಷರ ದಪ್ಪ, ಸಾಲು ಸೊಟ್ಟ. ಆದರೆ ನಾನು ಹಾಕಿದ ಹಳಿ ಸೊಟ್ಟ ಇರುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬೀಗರನ್ನು ಕೇಳಿದರೆ ಅವರು ಬೇರೆಯೇ ಹೇಳಿಯಾರು.

ಬೀಗರೆಂದರೆ ನನ್ನ ಸೊಸೆಯ ತಂದೆ. ರೈಲು ಗಾಡಿಯ ಡ್ರೈವರ್ ಆಗಿ ಹುಬ್ಬಳ್ಳಿಯಲ್ಲಿ ನಿವೃತ್ತರಾದವರು. ಹರೆಯದಲ್ಲಿ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಎತ್ತಿ ಹಾಕಿದವರು. ನಾನು ಗ್ಯಾಂಗ್‌ಮನ್, ಹಳಿ ರಿಪೇರಿ ಮಾಡುವ ಆಳು. ಗಾಡಿ ಬಂದಾಗ ಅವರು ಮೇಲೆ ಕೂತು ಹೋಗುತ್ತಿದ್ದರು, ನಾನು ಹಾರೆ ಹಿಡಿದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆ. ಅದಕ್ಕೆ ನನ್ನ ತಕರಾರು ಇರಲಿಲ್ಲ. ತಕರಾರು ಶುರುವಾದದ್ದು ನಮ್ಮಿಬ್ಬರ ಮೊಮ್ಮಗಳು ಮಾತಾಡಲು ಕಲಿತ ಮೇಲೆ.

ಸೊಸೆ ಸತ್ತೂರಿನ ದವಾಖಾನೆಯೊಂದರಲ್ಲಿ ನರ್ಸ್. ಮಗ ಹುಬ್ಬಳ್ಳಿಯಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ. ಅವರ ಮನೆ ಉಣಕಲ್ಲಿನಲ್ಲಿ, ಬೀಗರ ಮನೆಯ ಮಗ್ಗುಲಲ್ಲೇ. ಇಬ್ಬರೂ ದುಡಿಯಲು ಹೋದರೆ ಕೂಸು ಯಾರ ತೊಡೆಯ ಮೇಲೆ ಬೆಳೆಯಬೇಕು? ಬೀಗರ ತೊಡೆಯ ಮೇಲೆ. ನಾನು, ನನ್ನ ಹೆಂಡತಿ ಧಾರವಾಡದ ಆಚೆಯ ಹಳ್ಳಿಯಲ್ಲಿ ಇರುವವರು, ನಮ್ಮ ಪಾಲಿಗೆ ರವಿವಾರ. ಆ ರವಿವಾರ ಕೂಡ ಕೂಸು ಬಂದು ಹೇಳುವುದು ಬೀಗರ ಸುದ್ದಿಯನ್ನೇ. ಅವರಿಗೆ ಅದು ಇಟ್ಟ ಹೆಸರು ಗಾಡಿ ಅಜ್ಜ. ನನಗೆ ಇಟ್ಟ ಹೆಸರು ಊರಜ್ಜ.

ಒಮ್ಮೆ ಅದರ ಅಂಗನವಾಡಿಯ ಟೀಚರ್ ನನ್ನೆದುರಿಗೇ ಕೇಳಿದರು, "ನಿನ್ನ ಅಜ್ಜಾರು ಏನ್ ಮಾಡ್ತಾರವಾ?"

"ಗಾಡಿ ಅಜ್ಜ ಗಾಡಿ ಹೊಡೀತಿದ್ದ."

"ಇವ್ರು?"

ಕೂಸು ನನ್ನನ್ನು ಮೇಲಿನಿಂದ ಕೆಳಗೆ ನೋಡಿತು. ಬಹಳ ಹೊತ್ತು ವಿಚಾರ ಮಾಡಿತು. "ಇಂವ ಊರಾಗ ಇರ್ತಾನ" ಎಂದಿತು.

ಅವತ್ತಿನಿಂದ ನನಗೆ ಒಂದೇ ಹಂಬಲ. ಈ ಕೂಸಿಗೆ ನನ್ನ ಕೆಲಸ ಒಂದು ಸಲ ತೋರಿಸಬೇಕು. ಆದರೆ ನಿವೃತ್ತನಾದ ಗ್ಯಾಂಗ್‌ಮನ್ ಏನು ತೋರಿಸಿಯಾನು? ದೊಡ್ಡ ಲೈನಿನ ಹತ್ತಿರ ಹೋದರೆ ಈಗಿನ ಹುಡುಗರು ಸೀಟಿ ಊದಿ ಓಡಿಸುತ್ತಾರೆ.

ಅಂಥ ಹೊತ್ತಿನಲ್ಲಿ ನಮ್ಮೂರಿನ ಸಣ್ಣ ಹಳಿಗೆ ದೈವ ತೆರೆಯಿತು. ನಮ್ಮೂರ ಹಿಂದೆ ಗುಡ್ಡದ ಮೇಲೆ ಹಳೆಯ ಕಲ್ಲಿನ ಖಣಿ ಇದೆ. ಬ್ರಿಟಿಷರ ಕಾಲದಲ್ಲಿ ದೊಡ್ಡ ರೈಲಿನ ಹಳಿಯ ಕೆಳಗೆ ಹಾಸುವ ಖಡಿಯನ್ನು ಆ ಖಣಿಯಿಂದ ಇಳಿಸಲು ಎರಡೂವರೆ ಅಡಿ ಅಗಲದ ಒಂದು ಲೈನು ಹಾಕಿದ್ದರು. ಖಣಿ ಮುಚ್ಚಿತು, ಲೈನಿನ ಮೇಲೆ ಲಂಟಾನದ ಕಂಟಿ ಬೆಳೆಯಿತು. ಈಗ ಒಂದು ಸಂಸ್ಥೆಯವರು ಅದನ್ನು ಎಬ್ಬಿಸಿ, ಸಣ್ಣ ಉಗಿ ಎಂಜಿನ್ ತಂದು, ಪ್ಯಾಟಿಯ ಜನರನ್ನು ಕೂರಿಸಿಕೊಂಡು ಮಾವಿನ ತೋಟದೊಳಗಿಂದ ಖಣಿಯ ನೀರಿನವರೆಗೆ ಕರೆದೊಯ್ಯುವ ಯೋಜನೆ ಹಾಕಿದರು. ಹಳಿ ಗೊತ್ತಿದ್ದ ಮುದುಕ ಬೇಕೆಂದು ನನ್ನ ಮನೆಗೆ ಬಂದರು. ಮಾತು ಮುಗಿಯುವ ಮೊದಲೇ ನಾನು ಚಪ್ಪಲಿ ಮೆಟ್ಟಿದ್ದೆ.

ಮರುವಾರ ಸಂಸ್ಥೆಯ ಮ್ಯಾನೇಜರ್ ಬಾಯಾರು ಸಂಭ್ರಮದಿಂದ ಬಂದು ಹೇಳಿದರು. ವಯಸ್ಸಿನಲ್ಲಿ ನನ್ನ ಮಗಳಷ್ಟು, ಆದರೆ ಹುಕುಂ ಜೋರು. "ಅಜ್ಜಾರ, ಉಗಿ ಎಂಜಿನ್ ಗೊತ್ತಿದ್ದ ಡ್ರೈವರ್ ಸಿಕ್ರು ನೋಡ್ರಿ. ಉಣಕಲ್‌ದಾಗ ಇದ್ದಾರ. ನಿಮಗ ಬೀಗರು ಆಗಬೇಕಂತ, ಹೌದೇನ್ರಿ?"

ನಾನು ಕೆಳಗೆ ಕೂತುಬಿಟ್ಟೆ. ಬಿಸಿಲಿಗೆ ಚಕ್ಕರು ಬಂತೆಂದು ಅವರು ನೀರು ತರಿಸಿದರು.

ಕೆಲಸದ ಮಾತು ಹೇಳುತ್ತೇನೆ. ಲೈನು ಎರಡು ತುಂಡು. ರಸ್ತೆಯ ಕಡೆಯಿಂದ ನಮ್ಮೂರ ಅಗಸಿ ಬಾಗಿಲಿನವರೆಗೆ ಬಯಲು, ಎರೆ ಮಣ್ಣು. ಅಗಸಿಯಿಂದ ಮೇಲೆ ಏರು, ಕೆಂಪು ಮಣ್ಣು, ತೋಟದ ನಡುವೆ ಒಂದು ತಿರುವು. ಮೊದಲು ಕಂಟಿ ಕಡಿದೆವು. ಹಳಿ ಸವೆದಿರಲಿಲ್ಲ, ಹಳೆಯ ಕಬ್ಬಿಣ ಮಾತು ಕೊಟ್ಟರೆ ಉಳಿಸಿಕೊಳ್ಳುವಂಥದ್ದು. ಕೆಳಗಿನ ಸ್ಲೀಪರ್ ಎಂಬ ಅಡ್ಡ ಕಟ್ಟಿಗೆಗಳನ್ನು ಮಾತ್ರ ಗೆದ್ದಲು ತಿಂದಿತ್ತು. ಜಾಲಿಯ ಮರ ಕೊಯ್ಯಿಸಿ ಹೊಸವು ಮಾಡಿಸಿದೆ. ಅವುಗಳ ಕೆಳಗೆ ಖಡಿ ತುರುಕಿ ತುರುಕಿ ಗಟ್ಟಿ ಮಾಡಬೇಕು. ಇದಕ್ಕೆ ಪ್ಯಾಕಿಂಗ್ ಎನ್ನುತ್ತೇವೆ. ಇದು ತೋಳಿನ ಕೆಲಸ ಅಲ್ಲ, ಕಿವಿಯ ಕೆಲಸ. ಪೊಳ್ಳು ಇದ್ದಲ್ಲಿ ಸದ್ದು ಬೇರೆ ಬರುತ್ತದೆ. ಊರಿನ ಆರೆಂಟು ಗಂಡಸರಿಗೆ ಕಲಿಸಿದೆ, ಬೈದೆ, ಮತ್ತೆ ಕಲಿಸಿದೆ.

ಮೊದಲ ಜೋರು ಮಳೆಗೇ ಬಯಲಿನ ತುಂಡು ನನ್ನ ಮರ್ಯಾದೆ ತೆಗೆಯಿತು. ಎರೆ ಮಣ್ಣು ನೆನೆದು, ನಾವು ಹಾಕಿದ ಖಡಿಯನ್ನೆಲ್ಲ ನುಂಗಿಬಿಟ್ಟಿತು. ಹಳಿ ಒಂದು ಕಡೆ ಗೂನು, ಒಂದು ಕಡೆ ಕುಣಿ. ಬಿಚ್ಚಿದೆವು. ಮಣ್ಣಿನ ಮೇಲೆ ಒಂದು ಗೇಣು ಗರಸು ಮಣ್ಣು ಹಾಸಿ, ನೀರು ಹೊಡೆದು, ಕಲ್ಲಿನ ರೂಲು ಎಳೆದು, ಆಮೇಲೆ ಖಡಿ ಹಾಕಿದೆವು. ಹೊಲದ ನೀರು ಹೋಗಲು ಎರಡೂ ಬದಿಗೆ ಹರಿ ತೋಡಿದೆವು. ಮುಂದಿನ ಮಳೆಗೆ ನಾನು ಕೊಡೆ ಹಿಡಿದು ಅಲ್ಲೇ ನಿಂತೆ. ಹಳಿ ಮಿಸುಕಲಿಲ್ಲ. ಯಾರಿಗಾದರೂ ತೋರಿಸೋಣವೆಂದರೆ ಬಯಲಿನಲ್ಲಿ ಒಂದು ಎಮ್ಮೆ ಮಾತ್ರ ಇತ್ತು.

ಬೀಗರ ಕೆಲಸ ನೋಡಲು ಮಾತ್ರ ಊರೇ ಸೇರುತ್ತಿತ್ತು. ಅವರು ಎಂಜಿನ್ನಿನ ಹಿತ್ತಾಳೆ ತಿಕ್ಕಿದರೆ ಜನ, ಎಣ್ಣೆ ಬಿಟ್ಟರೆ ಜನ. ಸುಮ್ಮನೆ ಕೈ ಒರೆಸಿಕೊಂಡು ನಿಂತರೂ ಜನ ಮೊಬೈಲ್ ಹಿಡಿಯುತ್ತಿದ್ದರು. ರವಿವಾರ ಮೊಮ್ಮಗಳು ಬಂದರೆ ನೆಟ್ಟಗೆ ಎಂಜಿನ್ ಶೆಡ್ಡಿಗೆ. ನಮ್ಮ ಮನೆಗೆ ಊಟಕ್ಕೆ ಬರುವಾಗ ಅದರ ಮೈಯೆಲ್ಲ ಮಸಿ. ಅದನ್ನು ತೊಳೆಯುವುದು ನನ್ನ ಹೆಂಡತಿ, ಆ ಮಸಿ ಹೇಗೆ ಹತ್ತಿತು ಎಂಬ ಕಥೆ ಕೇಳುವುದು ನಾನು.

ಎಂಜಿನ್ನಿಗೆ ಖಾಲಿ ಡಬ್ಬಿ ಜೋಡಿಸಿ ಮೊದಲ ಸಲ ಓಡಿಸಿ ನೋಡಿದ ದಿನ ತೋಟದ ತಿರುವಿನಲ್ಲಿ ಒಂದು ಡಬ್ಬಿಯ ಗಾಲಿ ಹಳಿ ಬಿಟ್ಟು ಇಳಿಯಿತು. ಬೀಗರು ಎಂಜಿನ್ನಿನಿಂದ ಇಳಿದು ಬಂದರು, ನಿಧಾನಕ್ಕೆ, ಸಾಹೇಬರ ಹಾಗೆ.

"ಬೀಗರ, ನಿಮ್ಮ ಹಳಿ ಅಗಲ ಆಗೇತ್ರಿ."

"ನಿಮ್ಮ ಗಾಲಿ ಸಣ್ಣಾಗಿರಬೇಕ್ರಿ."

"ಗಾಲಿ ಸಣ್ಣಾಗಾಕ ಅದೇನ್ ಉಪಾಸ ಮಾಡ್ತೈತೇನ್ರಿ? ಅಳದು ನೋಡ್ರಿ."

ಅಳೆದೆ. ಹೆಬ್ಬೆರಳಿನಷ್ಟು ಅಗಲ ಹೆಚ್ಚಾಗಿತ್ತು. ತಿರುವಿನಲ್ಲಿ ಚಲೋ ಇದ್ದಾವೆಂದು ನಾಲ್ಕಾರು ಹಳೆಯ ಸ್ಲೀಪರ್ ಹಾಗೇ ಬಿಟ್ಟಿದ್ದೆ. ಅವುಗಳ ಮೊಳೆಯ ತೂತು ಸಡಿಲಾಗಿ ಹಳಿ ಹೊರಗೆ ಸರಿದಿತ್ತು. ಬೀಗರು ಹೇಳಿದ್ದೇ ಖರೆ ಆಯಿತು. ಅವರು ಹೇಳಿದ್ದು ಸುಳ್ಳಾಗಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ತೂತಿಗೆ ಕಟ್ಟಿಗೆಯ ಗೂಟ ಜಡಿದು, ಅಳತೆಪಟ್ಟಿ ಇಟ್ಟು ಹೊಸದಾಗಿ ಮೊಳೆ ಹೊಡೆದೆವು. ಒಂದೊಂದು ಮೊಳೆಗೂ ನನಗೆ ಬೀಗರ ಮುಖ ಕಾಣುತ್ತಿತ್ತು, ಅದಕ್ಕೇ ಮೊಳೆಗಳು ಚೆನ್ನಾಗಿ ಕೂತವು.

ಆ ವಾರವೇ ಪೇಪರಿನಲ್ಲಿ ಫೋಟೋ ಬಂತು. ಎಂಜಿನ್, ಅದರ ಬಾಗಿಲಲ್ಲಿ ಬೀಗರು, ಅವರ ಕಂಕುಳಲ್ಲಿ ನನ್ನ ಮೊಮ್ಮಗಳು. ಎಂಜಿನ್ನಿನ ಗಾಲಿಯ ಅರ್ಧಕ್ಕೇ ಫೋಟೋ ಮುಗಿದಿತ್ತು. ಹಳಿ ಬಂದಿರಲೇ ಇಲ್ಲ. ಗಾಡಿ ಗಾಳಿಯಲ್ಲಿ ನಿಂತಿದೆ ಎಂದು ತಿಳಿಯಬೇಕು ಓದಿದವರು.

"ಹಳೀ ಫೋಟೋ ಯಾರ್ ತಗೀತಾರ್ರಿ?" ಎಂದಳು ಹೆಂಡತಿ. "ಮನಿ ಫೋಟೋ ತಗದ್ರ ಪಾಯ ಬರ್ತೈತೇನು?"

"ನೀ ಯಾರ ಕಡಿ?"

"ನಾ ಕೂಸಿನ ಕಡಿ."

ಉದ್ಘಾಟನೆ ದೀಪಾವಳಿ ಮುಗಿದ ಮೇಲೆ ಎಂದು ಗೊತ್ತಾಯಿತು. ಬಾಯಾರು ನಮ್ಮಿಬ್ಬರನ್ನೂ ಕೂರಿಸಿ ಒಂದು ಮಾತು ಹೇಳಿದರು. ತುಂಬಿದ ಗಾಡಿ ಏರು ಹತ್ತುತ್ತದೋ ಇಲ್ಲವೋ ಎಂದು ಸಂಸ್ಥೆಯ ಹಿರಿಯರಿಗೆ ಅನುಮಾನ ಇದೆ. ಆ ದಿನ ಹತ್ತಿದರೆ ಸರಿ. ಹತ್ತದಿದ್ದರೆ ಬಯಲಿನ ತುಂಡು ಮಾತ್ರ ಗಾಡಿ ಓಡಿಸುವುದು, ಅಗಸಿಯಿಂದ ಖಣಿಗೆ ಟ್ರ್ಯಾಕ್ಟರಿನಲ್ಲಿ ಕರೆದೊಯ್ಯುವುದು.

ನನ್ನ ಜೀವವೆಲ್ಲ ಆ ಏರಿನಲ್ಲೇ ಇತ್ತು. ಮೊಮ್ಮಗಳಿಗೆ ತೋರಿಸುವುದಿದ್ದರೆ ಆ ತಿರುವನ್ನೇ ತೋರಿಸಬೇಕು. ತೋಟದ ನೆರಳಿನಲ್ಲಿ ಹಳಿ ಬಾಗಿ ಮೇಲೇರುವುದನ್ನು ಕೆಳಗೆ ಕೂತು ನೋಡಿದರೆ ಹೆಣ್ಣುಮಕ್ಕಳ ಕೈಬಳೆ ನೆನಪಾಗುತ್ತದೆ. ಟ್ರ್ಯಾಕ್ಟರ್ ಬಂದರೆ ಅದು ಮತ್ತೆ ಕಂಟಿಯ ಪಾಲು.

ಉದ್ಘಾಟನೆಯ ದಿನ ಬೆಳಗಾಗುವ ಮೊದಲೇ ಬೀಗರು ಎಂಜಿನ್ನಿಗೆ ಬೆಂಕಿ ಹಾಕಿದ್ದರು. ಹೊತ್ತು ಏರುವಷ್ಟರಲ್ಲಿ ಎಂಜಿನ್ನಿಗೆ ಆಳುದ್ದದ ಚೆಂಡುಹೂವಿನ ಮಾಲೆ, ಬಾಳೆಕಂಬ, ಬಾಸಿಂಗ! ಹೌದು, ಮದುಮಗನಿಗೆ ಕಟ್ಟುವ ಬಾಸಿಂಗವನ್ನೇ ಹುಬ್ಬಳ್ಳಿಯಿಂದ ತರಿಸಿ ಎಂಜಿನ್ನಿನ ಹಣೆಗೆ ಕಟ್ಟಿಸಿದ್ದರು. ಬೀಗರಿಗೆ ಸಂಸ್ಥೆಯವರು ತಲೆಗೆ ರೇಷ್ಮೆಯ ಪಟಕಾ ಸುತ್ತಿ ಮರ್ಯಾದೆ ಮಾಡಿದರು. ನನಗೂ ಮಾಡಿದರು, ಇಲ್ಲವೆನ್ನಬಾರದು. ಒಂದು ಟಾವೆಲ್ ಕೊಟ್ಟರು.

"ಏನ್ ಬೀಗರ," ಎಂದು ಕರೆದರು ಅವರು ಎಂಜಿನ್ನಿನ ಮೇಲಿನಿಂದ, "ನಿಮ್ಮ ಮಗನ ಲಗ್ನದಾಗ ನೀವು ಗಂಡಿನ ಕಡಿಯವ್ರಾಗಿ ನನ್ನ ಕಡೆ ಎಷ್ಟ ಸಲ ಛಾ ತರಿಸಿದ್ರಿ ನೆನಪೈತೇನ್ರಿ? ಇವತ್ತ ನಾ ಗಂಡಿನ ಕಡಿ. ಮದಿಮಗ ನಂದು. ಎಲ್ಲೈತಿ ಛಾ?"

ಜನ ನಕ್ಕರು. ಮೊಮ್ಮಗಳೂ ನಕ್ಕಿತು. ನನಗೆ ಆ ನಗೆ ಮೊಳೆ ಹೊಡೆದ ಹಾಗೆ ಒಳಗೆ ಹೋಯಿತು. ಮದುಮಗ ಎಂಜಿನ್ ಆದರೆ ಮದುಮಗಳು ಯಾರು? ನನ್ನ ಹಳಿ ಅಲ್ಲವೇ? ಮದುಮಗನಿಗೆ ಬಾಸಿಂಗ, ನನ್ನ ಮಗಳಿಗೆ ಒಂದು ಎಸಳು ಹೂವಿಲ್ಲ!

ರಸ್ತೆಯ ತುದಿಯಲ್ಲಿ ಭಾಷಣ ಮುಗಿದು ಗಾಡಿ ಅಗಸಿಗೆ ಬರುವುದಕ್ಕೆ ಇನ್ನೂ ಹೊತ್ತಿತ್ತು. ನಾನು ಅಗಸಿಗೆ ಓಡಿದೆ. ನಮ್ಮ ಓಣಿಯ ಹೆಂಗಸರು ಆರತಿ ಹಿಡಿದು ನಿಂತಿದ್ದರು.

"ಮದಿಮಗ ಬರಾಕತ್ತಾನ," ಎಂದೆ. "ಮದಿಮಗಳಿಗೆ ಅರಿಷಿಣ ಹಚ್ಚೀರೇನು?"

ಅಷ್ಟು ಹೇಳಿದ್ದೇ ಸಾಕಾಯಿತು. ನಮ್ಮ ಕಡೆಯ ಹೆಂಗಸರಿಗೆ ಲಗ್ನದ ಕೆಲಸ ಯಾರೂ ಕಲಿಸಬೇಕಾಗಿಲ್ಲ. ಕುಸುಬಿ ಎಣ್ಣೆಯಲ್ಲಿ ಅರಿಷಿಣ ಕಲಸಿದರು. ಏರು ಶುರುವಾಗುವಲ್ಲಿ ಎರಡೂ ಹಳಿಗೆ ಹಚ್ಚತೊಡಗಿದರು, ಹಾಡು ಹೇಳುತ್ತಾ. ಐದು ಮುತ್ತೈದೆಯರು ಹಚ್ಚಿದರೆ ಸಾಕಾಗಿತ್ತು. ಆದರೆ ಆಕೆ ಹಚ್ಚಿದ ಮೇಲೆ ಈಕೆ ಬಿಟ್ಟಾಳೆಯೇ? ಪ್ರತಿಯೊಬ್ಬಳಿಗೂ ತನ್ನ ಪಾಲಿನ ಹಳಿ ಬೇಕು. ಹಳಿ ಏನು ಕಡಿಮೆ ಇದೆಯೇ, ಮೇಲೆ ಮೇಲೆ ಹೋದರು. ಮೇಲೆ ಚೆಂಡುಹೂವು ಉದುರಿಸಿದರು. ತೆಂಗಿನಕಾಯಿ ಸುಲಿದು ಒಡೆದರು. ಬಿಸಿಲಿಗೆ ನನ್ನ ಹಳಿ ಹೊಂಬಣ್ಣದಲ್ಲಿ ಹೊಳೆಯಿತು. ಎಣ್ಣೆಯ ತಂಬಿಗೆ ಹಿಡಿದು ಅವರ ಹಿಂದೆ ಹಿಂದೆ ಹೋಗುತ್ತಿದ್ದವನು ಯಾರು? ನಾನೇ. ಹಳಿಯ ಮೇಲೆ ಎಣ್ಣೆ ಬೀಳಬಾರದು ಎಂಬುದು ಗ್ಯಾಂಗ್‌ಮನ್ನನಿಗೆ ಗೊತ್ತಿರದ ಮಾತೇ? ಹೊಟ್ಟೆಕಿಚ್ಚಿನಲ್ಲಿ ಕಣ್ಣಿಗೆ ಬಂಗಾರ ಕಂಡಿತು, ಎಣ್ಣೆ ಕಾಣಲಿಲ್ಲ.

ಗಾಡಿ ಬಂತು. ಅಗಸಿಯಲ್ಲಿ ಆರತಿ ಆಯಿತು. ಅರಿಷಿಣ ಹಚ್ಚಿದ ಹೆಂಗಸರು ಹಿಂದಿನ ಡಬ್ಬಿ ಹತ್ತಿದರು. ಮೊದಲ ಡಬ್ಬಿಯಲ್ಲಿ ಸಂಸ್ಥೆಯ ಹಿರಿಯರು, ಬಾಯಾರು, ನನ್ನ ಸೊಸೆ, ಅವಳ ತೊಡೆಯ ಮೇಲೆ ಮೊಮ್ಮಗಳು. ನಾನು ಹತ್ತಲಿಲ್ಲ. ಹಳಿಯ ಮಗ್ಗುಲಲ್ಲಿ ನಿಂತೆ. ಎಂಜಿನ್ ಏರಿಗೆ ಎದೆ ಕೊಟ್ಟಿತು. ಭುಸ್, ಭುಸ್, ಭುಸ್. ಆಮೇಲೆ ಒಮ್ಮೆಲೇ ಭುಸುಭುಸುಭುಸು ಎಂದು ಹುಚ್ಚು ಹಿಡಿದ ಹಾಗೆ ಗಾಲಿ ಗರಗರ ತಿರುಗಿದವು. ಗಾಡಿ ನಿಂತಲ್ಲೇ ನಿಂತಿತು. ನಿಂತದ್ದು ಹಿಂದಕ್ಕೆ ಒಂದು ಮಾರು ಜಾರಿತು. ಡಬ್ಬಿಯಲ್ಲಿದ್ದವರು ಚೀರಿದರು. ಬೀಗರು ಬ್ರೇಕ್ ಹಾಕಿ ಹಿಡಿದರು. ಮತ್ತೆ ಒಮ್ಮೆ ಮಾಡಿದರು, ಮತ್ತೆ ಅದೇ.

ಬೀಗರು ಇಳಿದರು. ಬಗ್ಗಿ ಹಳಿಗೆ ಬೆರಳು ಒತ್ತಿದರು, ಮೂಸಿದರು. ನನ್ನ ಕಡೆ ತಿರುಗಿದರು.

"ಕುಸುಬಿ ಎಣ್ಣಿ. ಅರಿಷಿಣ ಹಾಕೀರಿ. ಬೀಗರ, ಇನ್ನ ಸಾಸಿವಿ ಜೀರಗಿ ಅಷ್ಟ ಬಾಕಿ ನೋಡ್ರಿ, ಒಗ್ಗರಣಿ ತಯಾರಾಗ್ತಿತ್ತು."

"ಉಸುಕು ಬಿಡ್ರಿ ಮತ್ತ! ಎಂಜಿನ್‌ನ್ಯಾಗ ಉಸುಕಿನ ಡಬ್ಬಿ ಯಾಕ ಇಟ್ಟಾರ?"

ಗಾಲಿ ಜಾರಿದರೆ ಹಳಿಯ ಮೇಲೆ ಉಸುಕು ಉದುರಿಸುವ ಒಂದು ಡಬ್ಬಿ, ಎರಡು ಕೊಳವೆ ಎಂಜಿನ್ನಿಗೆ ಇರುತ್ತವೆ. ಬೀಗರು ಪಟಕಾ ಸರಿಮಾಡಿಕೊಂಡರು. ನಾನೇ ಹೋಗಿ ನೋಡಿದೆ. ಚಂದ ಕಾಣಲೆಂದು ಡಬ್ಬಿಯ ಮುಚ್ಚಳದ ಮೇಲೆ, ಕೊಳವೆಯ ಬಾಯಿಯ ಮೇಲೆ ದಪ್ಪಗೆ ಹಸಿರು ಬಣ್ಣ ಬಳಿಸಿದ್ದರು. ಮುಚ್ಚಳ ಬಣ್ಣಕ್ಕೆ ಅಂಟಿ ಕಲ್ಲಾಗಿತ್ತು.

"ಬಾಸಿಂಗ ಕಟ್ಟೂ ಮುಂದ ಇದನ್ನೂ ನೋಡಬೇಕಿತ್ತಲ್ರಿ," ಎಂದೆ. ಆ ಕಷ್ಟದಲ್ಲೂ ನನಗೆ ಒಳಗೆ ತಂಪಾಯಿತು.

ಬಾಯಾರು ಬೆವರು ಒರೆಸುತ್ತ ಬಂದರು. "ಕಾಕಾರ, ಅಜ್ಜಾರ, ಜಗಳ ಆಮ್ಯಾಲ ಮಾಡ್ರಿ. ಹಿರಿಯರು ಟ್ರ್ಯಾಕ್ಟರ್ ಕರಸ್ರಿ ಅನ್ನಾಕತ್ತಾರ. ಏನ್ ಮಾಡೂಣು?"

ನಿಜ ಹೇಳುತ್ತೇನೆ. ಕರೆಸಲಿ ಎಂದು ಒಂದು ಗಳಿಗೆ ಅನಿಸಿತು. ಪಟಕಾ ಸುತ್ತಿಕೊಂಡ ಗಾಡಿ ಅಜ್ಜ, ಗಾಡಿ ನಡೆಸಲಾರದೆ ಮೊಮ್ಮಗಳ ಕಣ್ಣೆದುರಿಗೆ ನಿಂತಿದ್ದಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಅಷ್ಟರಲ್ಲಿ ಮೊಮ್ಮಗಳು ಡಬ್ಬಿಯ ಕಿಟಕಿಯಿಂದ ಕೇಳಿತು.

"ಗಾಡಿ ಅಜ್ಜಾ, ಯಾಕ ನಿಂತೈತಿ?"

"ಹಳಿ ಜಾರಾಕತ್ತೈತಿ ತಂಗಿ."

"ಹಳಿ ಯಾರ್ದು?"

"ಊರಜ್ಜಂದು."

ಕೂಸು ನನ್ನನ್ನು ನೋಡಿತು. "ಊರಜ್ಜ ಮಾಡಿದ್ದು ಕೆಟ್ಟೈತಿ?"

ನಾನು ಇಷ್ಟು ದಿನ ಅದಕ್ಕೆ ತಿಳಿಯಲಿ ಎಂದು ಹಂಬಲಿಸಿದ ಸುದ್ದಿ ಅದಕ್ಕೆ ತಿಳಿದದ್ದು ಹೀಗೆ. ಟ್ರ್ಯಾಕ್ಟರ್ ಬಂದರೆ ಆ ಕೂಸು ದೊಡ್ಡದಾಗಿ, ಮದುವೆಯಾಗಿ, ತನ್ನ ಮಕ್ಕಳಿಗೂ ಇದನ್ನೇ ಹೇಳುತ್ತದೆ. ಊರಜ್ಜ ಒಂದು ಹಳಿ ಮಾಡಿದ್ದ, ಅದು ಕೆಟ್ಟಿತ್ತು.

"ಟ್ರ್ಯಾಕ್ಟರ್ ಬ್ಯಾಡ್ರಿ," ಎಂದೆ ಬಾಯಾರಿಗೆ. "ಗಾಡಿ ಹಿಂದ ತಗಸ್ರಿ, ಬಯಲಿಗೆ. ಎಲ್ಲಾರನ್ನೂ ಇಳಸ್ರಿ. ಬೀಗರ, ನಿಮ್ಮ ಎಂಜಿನ್ ಕೆಳಗಿನ ಬೂದಿ ಎಲ್ಲಾ ನನಗ ಬೇಕು."

"ಬೂದೀನ?"

"ಎಣ್ಣಿ ಬೋಗಾಣಿ ಎದರ್ಲೆ ತಿಕ್ತಾರ ನಿಮ್ಮ ಮನ್ಯಾಗ?"

ಬೀಗರ ಮುಖದಲ್ಲಿ ತಿಳಿದ ಬೆಳಕು ಮೂಡಿತು. ಆದರೆ ಬೂದಿ ಎಳೆಯುವಾಗ ಮೇಲಿನ ಬೆಂಕಿ ಕುಸಿಯಬಾರದು. ಕುಸಿದರೆ ಉಗಿ ಇಳಿಯುತ್ತದೆ, ಮತ್ತೆ ಏರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಅವರು ಗಾಡಿಯನ್ನು ಮೆಲ್ಲಗೆ ಬಯಲಿಗೆ ಇಳಿಸಿ, ಮಂಡಿಯೂರಿ ಕೂತು, ಉದ್ದ ಸಲಾಕಿಯಿಂದ ಬರೀ ಬೂದಿಯನ್ನು ಕೆರೆದು ಕೆರೆದು ತೆಗೆದರು. ಒಂದು ಕೆಂಡ ಬೀಳಲಿಲ್ಲ. ಚೆನ್ನಾಗಿ ಮಾಡಿದರು. ಹೇಳಲು ಇಷ್ಟವಿಲ್ಲ, ಆದರೂ ಹೇಳಿದ್ದೇನೆ.

ಬೂದಿಯ ಮೇಲೆ ನೀರು ಚಿಮುಕಿಸಿ ಆರಿಸಿ, ಪುಟ್ಟಿಯಲ್ಲಿ ಹೊತ್ತು ತಂದೆವು. ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು. ನನ್ನ ಹೆಂಡತಿ ಸೀರೆಯ ಕಚ್ಚೆ ಬಿಗಿದಳು.

"ಯಾಕ ನಿಂತೀರೆವಾ? ಹಚ್ಚಿದವ್ರು ನಾವು, ತಿಕ್ಕವ್ರೂ ನಾವ. ಕಾಯಿ ಸುಲಿದ ನಾರು ಅಲ್ಲೇ ಬಿದ್ದೈತಿ, ತಗೋರಿ."

ನಮ್ಮ ಓಣಿಯವರೆಲ್ಲ ಹಳಿಯ ಎರಡೂ ಮಗ್ಗುಲಿಗೆ ಸಾಲು ಹಿಡಿದು ಕೂತರು. ಬೂದಿ, ನಾರು, ತಿಕ್ಕು. ನಾನು ಹಿಂದಿನಿಂದ ನೋಡುತ್ತ ಹೋದೆ. ಹಳಿಯ ನೆತ್ತಿ ಅಷ್ಟೇ ಸಾಲದು, ಗಾಲಿಯ ಅಂಚು ತಾಗುವ ಒಳಮೈಯನ್ನೂ ತಿಕ್ಕಬೇಕು. ಇಬ್ಬರು ಗಂಡಸರು ಕಸಬರಿಗೆಯಿಂದ ಹೂವು ಗುಡಿಸಿದರು. ಪ್ಯಾಟಿಯಿಂದ ಬಂದ ಅತಿಥಿಗಳು ಮೊದಲು ಫೋಟೋ ತೆಗೆದರು. ಆಮೇಲೆ ಅವರಲ್ಲಿ ಒಬ್ಬ ಅಮ್ಮ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟರು.

"ಅಕ್ಕಾರ, ನಿಮ್ಮ ಸೀರಿ..." ಎಂದಳು ನನ್ನ ಹೆಂಡತಿ.

"ಇರಲಿ ಬಿಡ್ರಿ. ಮನ್ಯಾಗ ಕೆಲಸದಾಕಿ ಬರಲಾರದ ನಾಕ್ ದಿನ ಆತು, ರೂಢಿ ಐತಿ."

ಬೀಗರು ಎಂಜಿನ್ನಿನಿಂದ ಬಿಸಿನೀರು ಬಕೆಟ್ಟಿಗೆ ತುಂಬಿ ಕೊಟ್ಟರು. ಎಂಜಿನ್ನಿನ ಗಾಲಿಗೂ ಎಣ್ಣೆ ಹತ್ತಿತ್ತು. ಅದನ್ನು ಅವರೇ ತಿಕ್ಕಿದರು. ತೊಳೆದ ಹಳಿ ಒರೆಸಲು ಒಣ ಬಟ್ಟೆ ಬೇಕಾಯಿತು. ನಾನು ಅವರ ಪಟಕಾ ನೋಡಿದೆ. ಅವರೂ ನಾನು ನೋಡಿದ್ದನ್ನು ನೋಡಿದರು.

"ಬೀಗರ, ನಿಮ್ಮ ಟಾವೆಲ್ ಕೊಡ್ರಿ," ಎಂದರು.

ಕೊಟ್ಟೆ. ಏನು ಮಾಡುವುದು?

ತಿಕ್ಕುತ್ತ ತಿಕ್ಕುತ್ತ ಒಂದು ಕಡೆ ತಿರುಗಿ ನೋಡಿದರೆ ನನ್ನ ಮಗ್ಗುಲಲ್ಲಿ ಮೊಮ್ಮಗಳು ಕೂತಿತ್ತು. ಯಾವಾಗ ಬಂತೋ ಗೊತ್ತಿಲ್ಲ. ಹೊಸ ಲಂಗ ಬೂದಿಯಾಗಿತ್ತು. ಬೊಗಸೆಯಷ್ಟು ನಾರು ಹಿಡಿದು ಹಳಿಯ ಒಂದೇ ಜಾಗವನ್ನು ತಿಕ್ಕುತ್ತಿತ್ತು, ನಾಲಗೆ ಹೊರಗೆ ಹಾಕಿಕೊಂಡು.

"ಊರಜ್ಜಾ, ಇದು ಯಾಕ ಇಲ್ಲಿ ತುಂಡಾಗೈತಿ?"

ಎರಡು ಹಳಿ ಕೂಡುವ ಸಂದು ಅದು. "ಬ್ಯಾಸಿಗ್ಯಾಗ ಕಬ್ಬಿಣ ಬೆಳೀತೈತಿ ತಂಗಿ. ಬೆಳ್ಯಾಕ ಜಾಗ ಬಿಡಬೇಕು."

"ಕಬ್ಬಿಣ ಬೆಳೀತೈತಿ?"

"ಹೂಂ."

"ನನ್ನಂಗ?"

"ನಿನ್ನಷ್ಟ ಅಲ್ಲ."

ಅದು ಆ ಸಂದಿನೊಳಗೆ ಕಿರುಬೆರಳು ಇಟ್ಟು ನೋಡಿತು.

ಹಳಿಯನ್ನು ಬೆರಳಿನಿಂದ ಎಳೆದು ನೋಡಿದೆ. ಕಿರ್ ಎಂದಿತು. ತೊಳೆದ ತಾಟಿನ ಸದ್ದು. ಆದರೂ ಅಷ್ಟಕ್ಕೇ ಬಿಡಲಿಲ್ಲ. ಹಳ್ಳದ ಒಣ ಉಸುಕು ತರಿಸಿ, ಏರಿನ ಬುಡದಿಂದ ತಿರುವಿನವರೆಗೆ ಕೈಯಿಂದಲೇ ಎಳೆಯಷ್ಟು ಸುರಿಯುತ್ತ ಹೋದೆ, ಅಂಗಳದಲ್ಲಿ ರಂಗೋಲಿ ಎಳೆ ಬಿಡುವ ಹಾಗೆ. ಜನ ಮತ್ತೆ ಡಬ್ಬಿ ಹತ್ತಿದರು.

"ಬಾ ತಂಗಿ, ಹತ್ತು," ಎಂದಳು ಸೊಸೆ.

"ನಾ ಒಲ್ಲೆ. ನಾ ಊರಜ್ಜನ ಕೂಡ ನಡಕೋತ ಬರ್ತೇನಿ."

ಸೊಸೆ ನನ್ನ ಮುಖ ನೋಡಿದಳು. ಏನು ಕಂಡಿತೋ, ಸುಮ್ಮನೆ ಹತ್ತಿ ಕೂತಳು. ನಾನು ಕೂಸನ್ನು ಎತ್ತಿಕೊಂಡು ದೂರ ಬದುವಿನ ಮೇಲೆ ನಿಂತೆ. ಬೀಗರು ಉಗಿಯನ್ನು ಬಿಟ್ಟೂ ಬಿಡದ ಹಾಗೆ ಬಿಟ್ಟರು. ಭುಸ್. ಗಾಲಿ ಒಂದು ಸಲ ಮಿಸುಕಿ ಹಿಡಿಯಿತು. ಭುಸ್. ಉಸುಕು ಕರಕರ ಎಂದಿತು. ಗಾಡಿ ಏರಿತು. ನನ್ನ ತಿರುವಿನಲ್ಲಿ ಡಬ್ಬಿಗಳು ಒಂದರ ಹಿಂದೆ ಒಂದು ಬಾಗಿ, ಮಾವಿನ ಮರಗಳ ನಡುವೆ ಹಾಯ್ದು ಮೇಲೆ ಹೋದವು. ಹೆಂಗಸರು ಕೂಗಿದ ಕೂಗು ಖಣಿಗೆ ಹೋಗಿ ಬಡಿದು ತಿರುಗಿ ಬಂತು.

"ಹತ್ತಿತು!" ಎಂದು ಕೂಸು ನನ್ನ ಕಿವಿಯಲ್ಲಿ ಚೀರಿತು.

ಗಾಡಿ ಹೋದ ಮೇಲೆ ನಾವಿಬ್ಬರೂ ಹಳಿಗೆ ಇಳಿದೆವು. ಭಾರ ಹಾದುಹೋದ ಮೇಲೆ ಹಳಿಯ ಸಂದುಗಳ ಬೋಲ್ಟು ನೋಡುವುದು ಪದ್ಧತಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬಿಗಿ ಇದ್ದದ್ದು ಟಣ್ ಎನ್ನುತ್ತದೆ, ಸಡಿಲಾದದ್ದು ದಬ್ ಎನ್ನುತ್ತದೆ. ಒಂದು ತಟ್ಟಿ ತೋರಿಸಿದೆ. ಅಷ್ಟೇ, ಸುತ್ತಿಗೆಯ ಹಿಡಿ ನನ್ನ ಕೈಯಿಂದ ಹೋಯಿತು. ಮುಂದಿನದೆಲ್ಲ ಅದೇ ತಟ್ಟಬೇಕು. ಎರಡೂ ಕೈಯಿಂದ ಎತ್ತುವುದು, ತಟ್ಟುವುದು, ಕಿವಿ ಹಚ್ಚುವುದು. "ಟಣ್," ಎಂದು ಅದು ಹೇಳಬೇಕು, "ಪಾಸ್" ಎಂದು ನಾನು ಹೇಳಬೇಕು. ಒಂದು ಕಡೆ ಅದು ತಲೆ ಅಲ್ಲಾಡಿಸಿ "ಇದು ದಬ್ ಅಂತೈತಿ" ಎಂದಿತು. ನನಗೆ ಟಣ್ ಎಂದೇ ಕೇಳಿತ್ತು. ಬಗ್ಗಿ ಕೈಹಾಕಿ ನೋಡಿದೆ. ಅರ್ಧ ಸುತ್ತು ಸಡಿಲಿತ್ತು! ಸ್ಪ್ಯಾನರ್ ಹಚ್ಚಿ ಬಿಗಿದೆ, ಬಿಗಿಯುವಾಗ ನನ್ನ ಕಣ್ಣು ಮಂಜಾಗಿದ್ದವು.

ಹೀಗೆ ಹೋದರೆ ಏರು ಯಾವಾಗ ಮುಗಿಯಬೇಕು? ಗಾಡಿ ಖಣಿ ಮುಟ್ಟಿ, ಜನ ನೀರು ನೋಡಿ, ಗಿರ್ಮಿಟ್ ತಿಂದು, ತಿರುಗಿ ಇಳಿದು ಬಂತು. ನಾವು ಆಗ ತಿರುವಿಗೆ ಬಂದು ಮುಟ್ಟಿದ್ದೆವು. ಸಪ್ಪಳ ಕೇಳಿದ ಕೂಡಲೇ ಬದಿಗೆ ಸರಿದು ನಿಂತೆವು. ಬೀಗರು ಗಾಡಿ ನಿಲ್ಲಿಸಿ ತಲೆ ಹೊರಗೆ ಹಾಕಿದರು. ಪಟಕಾ ಓರೆಯಾಗಿತ್ತು.

"ಬಾ ನನ್ನ ಬಂಗಾರ. ಎಂಜಿನ್‌ನ್ಯಾಗ ಕುಂಡ್ರಸ್ತೇನಿ ಇವತ್ತ."

ಕೂಸು ಅಲ್ಲಾಡಲಿಲ್ಲ.

"ಸೀಟಿ ನಿನ್ನ ಕೈಲೆ ಹೊಡಸ್ತೇನಿ."

ಇಲ್ಲ.

"ಬೀಗರ, ಅದೇನ್ ಮಾಟ ಮಾಡೀರ್ರಿ ಇದಕ್ಕ? ಬಿಸಲಾಗ ಎಷ್ಟೊತ್ತು ನಿಲ್ಲಸ್ತೀರಿ? ಕಳಸ್ರಿ ಇತ್ಲಾಗ," ಎಂದರು. ಅವರ ದನಿಯಲ್ಲಿ ಏನಿತ್ತೆಂದು ನನಗೆ ಕೂಡಲೇ ಗೊತ್ತಾಯಿತು. ಇಷ್ಟು ದಿನ ಆ ಹೊಟ್ಟೆಕಿಚ್ಚನ್ನು ಸಾಕಿದವನು ನಾನು, ನನಗೆ ಗೊತ್ತಾಗದೇ ಇನ್ಯಾರಿಗೆ ಗೊತ್ತಾಗಬೇಕು?

"ನಾ ಹಿಡದಿಲ್ರಿ. ಕೇಳ್ರಿ ಅದನ್ನ."

ಕೂಸು ಸುತ್ತಿಗೆಯನ್ನು ಹೆಗಲಿಗೆ ಏರಿಸಿತು.

"ನೀ ಹೋಗಜ್ಜಾ," ಎಂದಿತು. "ನಮಗ ಇನ್ನೂ ಕೆಲಸ ಐತಿ."

ಬೀಗರು ಹಲ್ಲು ಕಚ್ಚಿ ಉಗಿ ಬಿಟ್ಟರು. ನಾನು ಅವರ ಮುಖವನ್ನು ಗಾಡಿ ಅಗಸಿಯ ಆಚೆ ಮರೆಯಾಗುವವರೆಗೆ ಕಣ್ತುಂಬ ನೋಡಿದೆ.